ಅಪ್‌ಡೇಟ್: ಅಬ್ಬಲಗೆರೆ ಕಡೆಯ ಆ ಮನೆ ತಗೊಳ್ಳೋದು ಬಿಟ್ಟೆವು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಶಿವಮೊಗ್ಗದ ಅಬ್ಬಲಗೆರೆ ಕಡೆ ಹತ್ತು ವರ್ಷದ ಹಳೆ ಮನೆ, ಬೆಲೆ ಕಮ್ಮಿ, ಹೊಸ ಬಣ್ಣ. ತಗೋಬಹುದಾ ಅಂತ.

"ಜೋರು ಮಳೆ ಹಿಡಿದಾಗ ಹೋಗಿ ನೋಡಿ, ಬೀರು ಸರಿಸಿ ನೋಡಿ" ಅಂದವರಿಗೆ ಕೈಮುಗಿಯುತ್ತೇನೆ. ಎರಡು ದಿನ ಬಿಡದೆ ಮಳೆ ಸುರಿದ ಮೇಲೆ ಹೋದೆವು. ಬೀರುವಿನ ಹಿಂದೆ ಮೊಣಕಾಲೆತ್ತರದವರೆಗೆ ಗೋಡೆ ಒದ್ದೆ. ಹಿಂದಿನ ಸೈಟು ಎತ್ತರದಲ್ಲಿದೆ, ಅಲ್ಲಿನ ನೀರೆಲ್ಲ ಇಳಿದು ಈ ಮನೆಯ ಗೋಡೆಗೇ ಬರುತ್ತಿತ್ತು. ಬೇಸಿಗೆಯಲ್ಲಿ ನೋಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಕೆಲವರು ಕೊಟ್ಟಿದ್ದ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ ಅನ್ನೋ ಸಲಹೆ ಈ ಮನೆಗೆ ಕೆಲಸಕ್ಕೆ ಬರಲ್ಲ. ನೀರು ಬರುವ ದಾರಿ ತಪ್ಪಿಸದೆ ಒಳಗೆ ಬಣ್ಣ ಬಳಿದರೆ ಅದು ಉಬ್ಬಿ ಎದ್ದು ಬರುತ್ತೆ ಅಂತ ಮೇಸ್ತ್ರಿ ಹೇಳಿದರು. ಹಿಂದೆ ಚರಂಡಿ ಹೊಡೆಸಿದರೆ ಸರಿಹೋಗುತ್ತಿತ್ತೇನೋ.

ಆದರೆ ಕಾಗದ ನೋಡಿದಾಗ ಮನಸ್ಸು ಮುರಿಯಿತು. ಪಂಚಾಯ್ತಿಯಿಂದ ಇದ್ದದ್ದು ಫಾರಂ 11ಬಿ ಮಾತ್ರ, ಅಂದರೆ ನಿಯಮದ ಪ್ರಕಾರ ಆಗದ ಆಸ್ತಿಗೆ ಕೊಡುವ ಕಾಗದ. ಕ್ರಮಬದ್ಧ ಆಸ್ತಿಗೆ ಕೊಡುವ ಫಾರಂ 9 ಮತ್ತು 11ಎ ಇಲ್ಲ, ಹೊಲದ ಜಾಗದಲ್ಲಿ ಮನೆ ಕಟ್ಟಲು ಬೇಕಾದ ಭೂ ಪರಿವರ್ತನೆ ಆದೇಶವೂ ಇಲ್ಲ. ಬ್ಯಾಂಕಿನವರು ಸಾಲ ಆಗಲ್ಲ ಅಂದುಬಿಟ್ಟರು.

ಇನ್ನೊಂದು ವಿಷಯ ನನಗೆ ಹೊಸದು. ಇಸಿಯಲ್ಲಿ (ಆಸ್ತಿ ಮೇಲಿನ ಋಣಭಾರ ತೋರಿಸುವ, ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರ) ನೋಂದಣಿ ಆದ ವ್ಯವಹಾರ ಮಾತ್ರ ಕಾಣುತ್ತೆ. ಸುಮ್ನೆ ಬಾಂಡ್ ಪೇಪರಿನಲ್ಲಿ ಮಾಡಿಕೊಂಡ ಕರಾರು ಬರಲ್ಲ. ಅಣ್ಣತಮ್ಮಂದಿರ ಪಾಲಿನ ತಕರಾರೂ ಅಷ್ಟೇ. ಅಕ್ಕಪಕ್ಕದ ಮನೆಯವರನ್ನು ವಿಚಾರಿಸಿದ್ದರಿಂದ ಜಾಸ್ತಿ ತಿಳಿಯಿತು.

ಸದ್ಯ ನವುಲೆಯಲ್ಲಿ ಬಾಡಿಗೆಗೆ ಇದ್ದೇವೆ. ಈ ಮಳೆಗಾಲ ಮುಗಿಯುವುದರೊಳಗೆ ಇನ್ನೆರಡು ಮನೆ ನೋಡುತ್ತೇವೆ, ಮಳೆಯಲ್ಲೇ.