ದೊಡ್ಡಪ್ಪ ಕಳಿಸಿದ ಮೆಸೇಜಿಗೆ, ಪೇಟೆ ಮಳಿಗೆ ವಿಷ್ಯಕ್ಕೆ

ದೊಡ್ಡಪ್ಪಾ ನಮಸ್ಕಾರ, ಗ್ರೂಪಿನಾಗೆ ಇರೋ ಎಲ್ಲಾರಿಗೂ ನಮಸ್ಕಾರ. ಆಡಿಯೋನೇ ಕಳಿಸಾನ ಅಂದ್ಕಂಡಿದ್ದೆ, ಹರಿಹರದ ಅತ್ತೆಗೆ ಫೋನಿನಾಗೆ ಕಿವಿ ಸರಿ ಕೇಳಲ್ಲ ಅಂತ ಮೈಕ್ ಒತ್ಕಂಡು ಮಾತಾಡ್ತಿದೀನಿ, ಅದೇ ಟೈಪ್ ಮಾಡ್ಕಂತಾ ಹೋಗ್ತೈತೆ, ತಪ್ಪು ಬಿದ್ರೆ ನೀವೇ ಸರಿ ಮಾಡ್ಕಂಡು ಓದ್ರಿ. ಉದ್ದ ಆಗ್ತೈತೆ, ಮೊದ್ಲೇ ಹೇಳಿಬಿಟ್ಟೆ.

ದೊಡ್ಡಪ್ಪ ನಿನ್ನೆ ರಾತ್ರಿ ಒಂದು ಫಾರ್ವರ್ಡ್ ಹಾಕ್ಯಾರೆ, ದಾವಣಗೆರೆ ಚೌಕಿಪೇಟೆ ಮಂಡಿಪೇಟೆ ಕಡೆ ಪಾರ್ಕಿಂಗ್ ಕಟ್ಟಡಕ್ಕೆ ಅಂತ ಪಾಲಿಕೆಯೋರು ಹಳೇ ಮಳಿಗೆಗಳನ್ನ ಕೊಂಡ್ಕೊಳ್ತಾರಂತೆ, ಗೈಡೆನ್ಸ್ ವ್ಯಾಲ್ಯೂಗೆ, ಅಂದ್ರೆ ರಿಜಿಸ್ಟ್ರೇಷನ್‌ಗೆ ಸರ್ಕಾರ ಗೊತ್ತು ಮಾಡಿರೋ ಕನಿಷ್ಠ ಬೆಲೆಗೆ, ನಾಕು ಪಟ್ಟು ಕೊಡ್ತಾರಂತೆ ಅಂತ. ಅದ್ರ ಕೆಳಗೆ ತಮ್ಮ ಬರ್ದಾನೆ, ಈಗ್ಲೇ ಬ್ರೋಕರ್ ಒಬ್ಬನ್ನ ಹಿಡ್ದು ಅಲ್ಲಿರೋ ನಮ್ಮ ಅಜ್ಜನ ಮಳಿಗೆನ ಮಾರಿಬಿಡಾನ ಅಂತ. ಚಿಕ್ಕಪ್ಪ ಸ್ಟೇ ತರಾನ ಅಂತಾರೆ. ಯಾವ್ದರ ಮೇಲೆ ಸ್ಟೇ ತರ್ತೀರಿ ಚಿಕ್ಕಪ್ಪಾ, ವಾಟ್ಸಾಪ್ ಮೆಸೇಜಿನ ಮೇಲಾ? ಆ ಫಾರ್ವರ್ಡಿನಾಗೆ ತಾರೀಕಿಲ್ಲ, ಡೋರ್ ನಂಬರ್ ಇಲ್ಲ, ಸಹಿ ಇಲ್ಲ. ಭೂಸ್ವಾಧೀನ ನಿಜ ಆದ್ರೆ ಗೆಜೆಟ್‌ನಾಗೆ ಬರ್ತೈತೆ, ಎರಡು ಪೇಪರ್‌ನಾಗೆ ಬರ್ತೈತೆ, ಅದ್ರಾಗೆ ಒಂದು ಕನ್ನಡದ್ದೇ ಇರ್ಬೇಕು, ಪಾಲಿಕೆಲಿ, ಡಿಸಿ ಆಫೀಸಿನಾಗೆ, ತಾಲ್ಲೂಕು ಆಫೀಸಿನಾಗೆ ನೋಟೀಸ್ ಹಚ್ತಾರೆ, ಬಂದ ಮೇಲೆ ತಕರಾರು ಕೊಡಾಕೆ 60 ದಿನ ಟೈಮೂ ಇರ್ತೈತೆ. ಹಂಗಾಗಿ ಇವತ್ತೇ ಎದೆ ಹೊಡ್ಕಳದು ಬ್ಯಾಡ.

ಆದ್ರೆ ಸುಳ್ಳೇ ಅಂತ ಸುಮ್ನೆ ಕೂರದೂ ಬ್ಯಾಡ ಅಂತೀನಿ ನಾನು. ಮಂಡಿಪೇಟೆ ಒಳಗೆ ಬೆಳಿಗ್ಗೆ ಲಾರಿ ನಿಂತ್ರೆ ಸೈಕಲ್ ಸೈತ ಹೋಗಲ್ಲ, ಗಡಿಯಾರ ಕಂಬದ ಹತ್ರ ಗಾಡಿ ನಿಲ್ಸಾಕೆ ಜಾಗ ಹುಡುಕಿ ಮೂರು ರೌಂಡ್ ಹೊಡ್ದು ಬಟ್ಟೆ ತಗಳದೇ ವಾಪಸ್ ಬಂದಿದೀನಿ. 1997ರಾಗೆ ಜಿಲ್ಲೆ ಆತು, 2007ರಾಗೆ ಮಹಾನಗರ ಪಾಲಿಕೆ ಆತು, 2016ರಾಗೆ ಮೊದಲ 20 ಸ್ಮಾರ್ಟ್ ಸಿಟಿ ಪಟ್ಟಿನಾಗೆ ಹೆಸರೂ ಬಂತು, ಪೇಟೆ ಓಣಿಗಳು ಮಾತ್ರ ಎತ್ತಿನಗಾಡಿ ಅಳತೇವೇ. ಯಾವತ್ತಾದ್ರೂ ಒಂದಿನ ಯಾರಾದ್ರೂ ಟೇಪ್ ಹಿಡ್ಕಂಡು ಬಂದೇ ಬರ್ತಾರೆ.

ಮೊದ್ಲು ಆ ನಾಕು ಪಟ್ಟಿನ ಮಾತು ಮುಗಿಸ್ತೀನಿ. ಅದು ಹಳ್ಳಿ ಜಮೀನಿನ ಲೆಕ್ಕ. 2013ರ ಭೂಸ್ವಾಧೀನ ಕಾಯ್ದೆ, 2014ರ ಜನವರಿ 1ರಿಂದ ಜಾರಿ ಆಗಿದ್ದು, ಅದ್ರಾಗೆ ಹಳ್ಳಿ ಕಡೆ ಮಾರುಕಟ್ಟೆ ಬೆಲೆನ ಎರಡರವರೆಗೆ ಗುಣಿಸಬಹುದು, ಅದ್ರ ಮೇಲೆ ಇನ್ನೊಂದು ಅಷ್ಟೇ ಸೋಲೇಶಿಯಂ, ಅಂದ್ರೆ ಬಲವಂತಕ್ಕೆ ಜಾಗ ತಗಂಡಿದ್ದಕ್ಕೆ ಕೊಡೋ ಹೆಚ್ಚುವರಿ ದುಡ್ಡು, ಹಂಗೆ ನಾಕು. ಸಿಟಿನಾಗೆ ಗುಣಾಕಾರ ಒಂದೇ. ಅಂದ್ರೆ ಜಾಗದ ಬೆಲೆ, ಕಟ್ಟಡದ ಬೆಲೆ, ಎರಡೂ ಕೂಡಿಸಿ ಅದ್ರ ಮೇಲೆ ನೂರಕ್ಕೆ ನೂರು ಸೋಲೇಶಿಯಂ. ಹೆಚ್ಚುಕಮ್ಮಿ ಡಬಲ್ ಅಂದ್ಕಳ್ರಿ. ಅಧಿಸೂಚನೆ ಬಿದ್ದಾಗಿಂದ ಪರಿಹಾರದ ತೀರ್ಪು ಬರೋವರೆಗೆ ಜಾಗದ ಬೆಲೆ ಮೇಲೆ ವರ್ಷಕ್ಕೆ 12 ಪರ್ಸೆಂಟ್ ಬೇರೆ.

ಈಗ ಯಾವ್ದರ ಡಬಲ್ಲು? ಇಲ್ಲೇ ನೋಡ್ರಿ ನಮ್ಮ ಬುಡಕ್ಕೆ ನೀರು ಬರೋದು. ಕಾಯ್ದೆ ಪ್ರಕಾರ ಒಂದು ಗೈಡೆನ್ಸ್ ವ್ಯಾಲ್ಯೂ ನೋಡ್ತಾರೆ, ಇನ್ನೊಂದು ಹಿಂದಿನ ಮೂರು ವರ್ಷದಾಗೆ ಅಕ್ಕಪಕ್ಕ ರಿಜಿಸ್ಟ್ರಾದ ಕ್ರಯಪತ್ರಗಳನ್ನ ತಗದು, ಜಾಸ್ತಿ ಬೆಲೆ ಇರೋ ಅರ್ಧ ಪತ್ರಗಳ ಸರಾಸರಿ ನೋಡ್ತಾರೆ, ಯಾವ್ದು ಹೆಚ್ಚೋ ಅದು. ಕೇಳಾಕೆ ಚೆಂದ ಐತೆ. ಆದ್ರೆ ನಾನು 11 ವರ್ಷದಿಂದ ಬಾಂಡ್ ರೈಟರ್ ಆಫೀಸಿನಾಗೆ ಕೀಬೋರ್ಡ್ ಕುಟ್ತಿರೋಳು, ಪೇಟೆ ಆಸ್ತಿ ಪತ್ರದಾಗೆ ನಿಜವಾದ ರೇಟು ಹೇಳಿ ಬರೆಸಿದೋರನ್ನ ಬೆರಳಲ್ಲಿ ಎಣಿಸ್ತೀನಿ. ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್ ಉಳೀತೈತಲ್ಲ ಅಂತ ಗೈಡೆನ್ಸ್ ವ್ಯಾಲ್ಯೂಗೇ ತಂದು ನಿಲ್ಲಿಸ್ತಾರೆ, ಮಿಕ್ಕಿದ್ದು ಚೀಲದಾಗೆ. ನಮ್ಮ ಪಕ್ಕದ ಮಳಿಗೆ ಹೋದ ವರ್ಷ ಕೈ ಬದಲಾತಲ್ಲ, ಮಾತಾಗಿದ್ದು 60 ಲಕ್ಷಕ್ಕೆ ಅಂತ ಮದುವಿ ಮನ್ಯಾಗೆ ದೊಡ್ಡಪ್ಪನೇ ಹೇಳಿದ್ರು, ಪತ್ರದಾಗೆ 22. ನಾಳೆ ಆಫೀಸರ್ ಮುಂದೆ ಕೂತು ನಮ್ದು 60ರ ಜಾಗ ಅಂದ್ರೆ ಅವ್ರು 22ರ ಪತ್ರ ತೋರಿಸ್ತಾರೆ. ಹಳೇ ಗೋಡೆ, ಮಂಗಳೂರು ಹೆಂಚು, ಅದಕ್ಕೊಂದು 3 ಲಕ್ಷ ಹಾಕಿದ್ರೂ 25, ಡಬಲ್ ಮಾಡಿದ್ರೂ 50. ಎಲ್ಲಾರೂ ಸೇರಿ ಬೈಯೋದು ಆಫೀಸರ್‌ನ. ಬರ್ದಿದ್ದು ನಾವು ಪೇಟೆ ಮಂದಿ.

ಗೈಡೆನ್ಸ್ ವ್ಯಾಲ್ಯೂ 2023ರ ಅಕ್ಟೋಬರ್ 1ರಿಂದ ರಾಜ್ಯದ ತುಂಬಾ ಏರ್ಸಿದ್ರು, ಅದು ಸ್ವಲ್ಪ ಕೈ ಹಿಡೀತೈತೆ. ಅವತ್ತು ಏರ್ಸಿದ್ರು ಅಂತ ಬಾಯಿ ಬಡ್ಕಂಡಿದ್ದೂ ನಾವೇ ಬಿಡ್ರಿ.

ನಮ್ಮ ಮನೆ ಕಾಗದಕ್ಕೆ ಬರ್ತೀನಿ, ಯಾರೂ ಸಿಟ್ಟಾಗಬ್ಯಾಡ್ರಿ. ದೀಪಾವಳಿ ಲಕ್ಷ್ಮಿಪೂಜೆ ದಿನ ಆ ಟ್ರಂಕ್ ತಗದ್ರಲ್ಲ, ನಾನು ಅಲ್ಲೇ ಕೂತು ಒಂದೊಂದೇ ನೋಡ್ದೆ. ಅಜ್ಜನ ಕ್ರಯಪತ್ರ ಐತೆ, ಮಡಿಕೆ ಬಿದ್ದ ಕಡೆ ಹರ್ದು ನಾಕು ತುಂಡಾಗೈತೆ, ಯಾರೋ ಹಿಂದ್ಗಡೆ ಅನ್ನದ ಅಗಳು ಹಚ್ಚಿ ಕ್ಯಾಲೆಂಡರ್ ಹಾಳೆ ಅಂಟಿಸ್ಯಾರೆ, ಆ ಅಂಟಿಗೆ ಇರುವೆ ಬಂದು ಚೆಕ್ಕುಬಂದಿ ಬರ್ದಿರೋ ಸಾಲಿನಾಗೆ "ಪಡುವಕ್ಕೆ" ಅನ್ನೋದ್ರ ಮುಂದೆ ತೂತು. ಪಡುವಕ್ಕೆ ಯಾರದ್ದು ಅನ್ನೋದೇ ಇಲ್ಲ ಈಗ. ಸರ್ಟಿಫೈಡ್ ಕಾಪಿ ತಗಸಿದ್ರೆ ಸಿಗ್ತೈತೆ, ಅದು ನನಗೆ ಬಿಡ್ರಿ. ಖಾತೆ ಇನ್ನೂ ಅಜ್ಜನ ಹೆಸರಿನಾಗೇ ಐತೆ, ಅಜ್ಜ ಹೋಗಿ 19 ವರ್ಷ ಆತು. ಇ-ಖಾತೆ ಆಗಿಲ್ಲ, ಅದಿಲ್ದೆ ಈಗ ರಿಜಿಸ್ಟ್ರೇಷನ್ನೇ ನಡಿಯಲ್ಲ, ಹಂಗಾಗಿ ತಮ್ಮ ಹೇಳಿದ ಬ್ರೋಕರ್ ಬಂದು ಏನು ಮಾಡ್ತಾನೆ, ಕಾಫಿ ಕುಡ್ದು ಹೋಗ್ತಾನೆ. ಕಂದಾಯದ ಫಾರಂನಾಗೆ ಮಳಿಗೆನ ವಾಸದ ಮನೆ ಅಂತ ತುಂಬ್ಯಾರೆ, ವರ್ಷಾ ಏಪ್ರಿಲ್‌ನಾಗೆ ಕಟ್ಟಿ 5 ಪರ್ಸೆಂಟ್ ರಿಯಾಯ್ತಿ ಬೇರೆ ತಗಂಡಾರೆ! ವಾಸದ ಮನೆ ಅಂದೋರು ನಾಳೆ ವ್ಯಾಪಾರದ ಜಾಗ, ವ್ಯಾಪಾರದ ರೇಟು ಕೊಡ್ರಿ ಅನ್ನಾಕೆ ಯಾವ ಬಾಯಿ?

ಮತ್ತೆ ದೊಡ್ಡಪ್ಪಾ, ನೀವು ವಂಶವೃಕ್ಷ ಮಾಡ್ಸಾನ, ಅಣ್ತಮ್ಮಂದಿರು ನಾಕೇ ಹೆಸರು ಸಾಕು ಅಂದ್ರಿ. ಆ ಮಳಿಗೆ ಅಜ್ಜ ಸ್ವಂತ ದುಡಿಮೆಲಿ ಕೊಂಡಿದ್ದು, ಉಯಿಲು ಬರೆದಿಲ್ಲ, ಇಬ್ರು ಅತ್ತೆಯರಿಗೂ ಸಮ ಪಾಲೇ. ಅವ್ರು ಬ್ಯಾಡ ಅಂದ್ರೆ ಹಕ್ಕು ಬಿಡುಗಡೆ ಪತ್ರ ಬರ್ದು ರಿಜಿಸ್ಟರ್ ಮಾಡ್ಲಿ, ಬೇಕು ಅಂದ್ರೆ ಕೊಡಾನ. ಹೆಸರೇ ಇಲ್ದಂಗೆ ಬರ್ದರೆ ಮುಂದೆ ಯಾರಾದ್ರೂ ಒಬ್ರು ಒಂದು ಅರ್ಜಿ ಕೊಟ್ರೆ ಸಾಕು, ಪಾಲಿನ ತಕರಾರು ಐತೆ ಅಂತ ಪರಿಹಾರದ ದುಡ್ಡು ಭೂಸ್ವಾಧೀನದ ತಕರಾರು ನೋಡೋ ಪ್ರಾಧಿಕಾರದಾಗೆ ಹೋಗಿ ಕೂತ್ಕಂತೈತೆ, ಕೈಗೆ ಬರಲ್ಲ. ಇದೆಲ್ಲ ನೋಟೀಸ್ ಬರಾಕೆ ಮುಂಚೆನೇ ಮುಗೀಬೇಕು, ಪ್ರಾಥಮಿಕ ಅಧಿಸೂಚನೆ ಬಿತ್ತು ಅಂದ್ರೆ ಡಿಸಿ ಕಡೆಯಿಂದ ವಿನಾಯ್ತಿ ತಗಳದೆ ಆ ಜಾಗದ ಮೇಲೆ ಕ್ರಯ, ಭೋಗ್ಯ ಏನೂ ಮಾಡಂಗಿಲ್ಲ.

ನಮ್ಮ ಮಳಿಗೆನಾಗೆ ಬಾಡಿಗೆಗೆ ಇರೋ ಗಾದಿ ಸಾಹೇಬ್ರ ವಿಷ್ಯಕ್ಕೆ ನಂಗೆ ಬ್ಯಾಸ್ರ ಆತು, ಅದನ್ನ ಹೇಳೇಬಿಡ್ತೀನಿ. ಸರ್ವೆಯೋರು ಬರಾಕೆ ಮುಂಚೆ ಅವ್ರನ್ನ ಖಾಲಿ ಮಾಡ್ಸಿಬಿಡ್ರಿ, ಇಲ್ಲಾಂದ್ರೆ ಪಾಲು ಕೇಳ್ತಾರೆ ಅಂತ ಚಿಕ್ಕಪ್ಪ ಬರ್ದಾರೆ. ಅವ್ರು ನಮ್ಮ ಪಾಲು ಕೇಳಂಗಿಲ್ಲ ಚಿಕ್ಕಪ್ಪಾ. ಮೂರು ವರ್ಷಕ್ಕಿಂತ ಜಾಸ್ತಿ ಅದೇ ಜಾಗದಾಗೆ ಹೊಟ್ಟೆ ಹೊರ್ಕಂಡೋರು ಕಾಯ್ದೆ ಲೆಕ್ಕದಾಗೆ ಬಾಧಿತ ಕುಟುಂಬ, ಸಣ್ಣ ವ್ಯಾಪಾರಿಗೆ ಕಮ್ಮಿ ಅಂದ್ರೂ 25,000 ಒಂದ್ಸಲದ್ದು, ಜಾಗ ಬಿಟ್ಟು ಹೋಗೋ ಕುಟುಂಬಕ್ಕೆ ಸಾಮಾನು ಸಾಗಿಸಾಕೆ 50,000, ಹಿಂಗೆ ಬೇರೆ ಬೇರೆ ಐತೆ, ಅದನ್ನ ಕೊಡೋದು ಜಾಗ ತಗಳೋರು, ನಾವಲ್ಲ. ಆದ್ರೆ ಅವ್ರು ಅಲ್ಲಿದಾರೆ ಅನ್ನಾಕೆ ಕಾಗದ ಬೇಕಲ್ಲ. ನಾವು 4,500 ಬಾಡಿಗೆ ತಗಂಡು ಒಂದಿನನೂ ರಸೀದಿ ಕೊಟ್ಟಿಲ್ಲ. ಆ ಮಳಿಗೆ ಬಾಗ್ಲು ನೋಡೀರೇನು ಈಚೆಗೆ? ಒಂಬತ್ತು ಹಲಗೆ, ಒಂದೊಂದರ ಮೇಲೂ ಉಳಿಯಿಂದ ಕೆತ್ತಿದ ನಂಬರು, ಅಜ್ಜ ಕೆತ್ಸಿದ್ದು. ಆರನೇದು ಗೆದ್ದಲು ತಿಂದು ಹೋಯ್ತು ಅಂತ ಸಾಹೇಬ್ರು ತಮ್ಮ ದುಡ್ಡಲ್ಲಿ ಹೊಸ ಹಲಗೆ ಹಾಕ್ಸಿ ಅದ್ರ ಮೇಲೂ 6 ಅಂತ ಕೆತ್ಸ್ಯಾರೆ. ಬಾಡಿಗೆದಾಗೆ ಹಿಡ್ಕಂಡಿಲ್ಲ. ಈ ತಿಂಗಳಿಂದ ರಸೀದಿ ನಾನೇ ಬರ್ದು ಕೊಡ್ತೀನಿ, ಯಾರು ಏನಂದ್ರೂ ಸರಿ.

ಇನ್ನೊಂದು, ನೇರವಾಗಿ ಮಾತಾಡಿ ಕೊಳ್ಳೋ ದಾರಿನೂ ಪಾಲಿಕೆಗೆ ಐತೆ, ಆಗ ಬೇಗ ಮುಗೀತೈತೆ, ಆದ್ರೆ ಒಪ್ಪಿ ಸಹಿ ಹಾಕಿದ ಮೇಲೆ ಇನ್ನೂ ಜಾಸ್ತಿ ಕೊಡ್ರಿ ಅಂತ ಹೋಗಾಕೆ ದಾರಿ ಮುಚ್ಚಿದಂಗೇ. ಟ್ಯಾಕ್ಸೂ ನೋಡ್ಬೇಕು, ಆ ಕಾಯ್ದೆ ಕೆಳಗೆ ಬಂದ ಪರಿಹಾರಕ್ಕೆ ಇನ್‌ಕಂ ಟ್ಯಾಕ್ಸ್ ಇಲ್ಲ, ಸಾದಾ ಕ್ರಯ ಆದ್ರೆ ಆ ವಿನಾಯ್ತಿ ತಾನಾಗೇ ಬರಲ್ಲ. ದುಡ್ಡಿನ ಬದಲು ಟಿಡಿಆರ್ ಸರ್ಟಿಫಿಕೇಟ್, ಅಂದ್ರೆ ಬೇರೆ ಕಡೆ ಹೆಚ್ಚಿಗೆ ಕಟ್ಟಡ ಕಟ್ಟಾಕೆ ಹಕ್ಕು ಕೊಡೋ ಕಾಗದ, ಕೊಡ್ತೀವಿ ಅಂದ್ರೆ ನಂದಂತೂ ಬ್ಯಾಡ. ಅದನ್ನ ಇನ್ನೊಬ್ಬ ಬಿಲ್ಡರ್ ಕೊಂಡ್ರೆ ದುಡ್ಡು, ಕೊಳ್ಳದಿದ್ರೆ ಫ್ರೇಮ್ ಹಾಕಿ ಗೋಡೆಗೆ ತಗಲಾಕ್ಬೇಕು. ಬೆಂಗ್ಳೂರಿನಾಗೇ ಜನ ಅದನ್ನ ತಗಳಾಕೆ ಹಿಂದೆಮುಂದೆ ನೋಡ್ತಾರೆ.

ಹಂಗಾಗಿ ಭಾನುವಾರ ನಮ್ಮನೆಗೆ ಬರ್ರಿ ಎಲ್ಲಾರೂ, ಇಬ್ರು ಅತ್ತೆಯರೂ ಬರ್ಲೇಬೇಕು, ಬೆಣ್ಣೆ ದೋಸೆ ತರಿಸ್ತೀನಿ, ಜಗಳ ಆಡೋದಿದ್ರೆ ತಿಂದಾದ ಮೇಲೆ ಆಡ್ರಿ. ದೊಡ್ಡಪ್ಪ ಟ್ರಂಕ್ ತರ್ಲಿ. ಚಿಕ್ಕಪ್ಪ ಕಂದಾಯದ ರಸೀದಿಗಳು, ಸಿಕ್ಕಷ್ಟು ವರ್ಷದವು. ಮತ್ತೆ ಅಜ್ಜನ ಮರಣ ಪ್ರಮಾಣಪತ್ರ ಯಾರ ಹತ್ರ ಐತೆ? ಟ್ರಂಕಿನಾಗೆ ಇರೋದು ಜೆರಾಕ್ಸು, ನಂಗೆ ಒರಿಜಿನಲ್ ಬೇಕು. ನೆನಪಿದ್ದೋರು ಇವತ್ತು ರಾತ್ರಿನೇ ಹೇಳ್ರಿ.