ಸಹಾಯ ಬೇಕು: ಹೊಲಿಗೆ ಘಟಕಕ್ಕೆ ಸೋಲಾರ್, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಹೊಲಿಗೆ ಘಟಕ. ಚಾವಣಿ ಮೇಲೆ 10 ಕಿಲೋವ್ಯಾಟ್ ಸೋಲಾರ್‌ಗೆ 5.5 ಲಕ್ಷ ಆಗುತ್ತದೆ, ನಾಲ್ಕೇ ವರ್ಷದಲ್ಲಿ ದುಡ್ಡು ವಾಪಸ್ ಅನ್ನುತ್ತಾರೆ ಗುತ್ತಿಗೆದಾರರು. ನನಗೆ ಈ ಲೆಕ್ಕ ಕೂಡುತ್ತಿಲ್ಲ. ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಹಿಡಿದರೆ ತಿಂಗಳಿಗೆ 1,200 ಯೂನಿಟ್. ಅಷ್ಟು ಯೂನಿಟ್‌ಗಳ ಹಣ ಉಳಿಯುತ್ತದೆ, ಸರಿ. ಆದರೆ ಬಿಲ್‌ನಲ್ಲಿರುವ ನಿಗದಿತ ಶುಲ್ಕವನ್ನು ಆಮೇಲೂ ಕಟ್ಟಲೇಬೇಕು ಅಲ್ವಾ? ಅವರು ಪೂರ್ತಿ ಬಿಲ್ಲನ್ನೇ ಉಳಿತಾಯ ಅಂತ ತೋರಿಸಿದ್ದಾರೆ. ಮನೆಗಳಿಗಿರುವ ಸೂರ್ಯಘರ್ ಸಬ್ಸಿಡಿಯೂ ನಮಗೆ ಇಲ್ಲ. ಬ್ಯಾಟರಿ ಇಲ್ಲದೆ ಕರೆಂಟ್ ಲೈನ್‌ಗೇ ಜೋಡಿಸುವ ಆನ್‌ಗ್ರಿಡ್ ಸೋಲಾರ್ ಆದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ, ಜನರೇಟರ್ ಡೀಸೆಲ್ ತಪ್ಪುವುದಿಲ್ಲ.

ಈ ಕೆಂಪು ಧೂಳಿಗೆ ಪ್ಯಾನೆಲ್ ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹಾಕಿಸಿದವರು ದಯವಿಟ್ಟು ಹಿಂದಿನ, ಈಗಿನ ಬಿಲ್ ಎರಡನ್ನೂ ತೋರಿಸಿ. ಸಾಲಕ್ಕೆ ಸಹಿ ಹಾಕುವ ಮೊದಲು ನೋಡಬೇಕು.