ಮಗನ ಕಂಪ್ಯೂಟರ್ ಹುಚ್ಚಿಗೆ ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಮಗನಿಗೆ 11 ವರ್ಷ. ಪ್ರಾಜೆಕ್ಟ್ ಅಂತ ಕಂಪ್ಯೂಟರ್ ಮುಂದೆ ಕೂರುತ್ತಾನೆ, ಹತ್ತು ನಿಮಿಷಕ್ಕೆ ಗೇಮ್ ಶುರು. ಆಫ್ ಮಾಡಿದರೆ ರಂಪ. ಪೂರ್ತಿ ಬಂದ್ ಮಾಡುವ ಹಾಗೂ ಇಲ್ಲ, ಹೋಂವರ್ಕ್ ಬರುವುದೇ ವಾಟ್ಸಾಪ್‌ನಲ್ಲಿ. ಅನುಭವ ಇರುವವರು ಹೇಳಿ.

ಉತ್ತರ 1

ನಮ್ಮನೆಯಲ್ಲೂ ಇದೇ ಕತೆ. ಮಗಳಿಗೆ ಈಗ 13. ನಾನು ಮೊದಲು ಮಾಡಿದ್ದು ಬಿಗಿ ಬಂದೋಬಸ್ತ್. ರಾತ್ರಿ 9ರ ಮೇಲೆ ಅವಳ ಟ್ಯಾಬ್‌ಗೆ ವೈಫೈ ಸಿಗದ ಹಾಗೆ ರೂಟರ್‌ನಲ್ಲೇ ತಡೆದೆ. ಎರಡು ವಾರ ನೆಮ್ಮದಿ. ಆಮೇಲೆ ಒಂದು ರಾತ್ರಿ ನೋಡಿದರೆ ಹೊದಿಕೆಯೊಳಗೆ ಬೆಳಕು!

ರೂಟರ್ ಟ್ಯಾಬನ್ನು ಗುರುತು ಹಿಡಿಯುವುದು ಮ್ಯಾಕ್ ಅಡ್ರೆಸ್‌ನಿಂದ, ಅಂದರೆ ಪ್ರತಿ ಫೋನು, ಟ್ಯಾಬ್‌ಗೂ ಇರುವ ಗುರುತಿನ ನಂಬರ್‌ನಿಂದ. ಆಂಡ್ರಾಯ್ಡ್ 10ರಿಂದ ಈಚೆಗೆ ನಿಜವಾದದ್ದನ್ನು ಮರೆಮಾಡಿ ಬೇರೆ ಅಡ್ರೆಸ್ ತೋರಿಸುವ ಸೌಲಭ್ಯ ಬಂದಿದೆ. ವೈಫೈ ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಸಾಕು, ರೂಟರ್ ಪಾಲಿಗೆ ಅದು ಹೊಸ ಟ್ಯಾಬ್. ಕ್ಲಾಸಿನ ಗೆಳತಿ ಹೇಳಿಕೊಟ್ಟಿದ್ದಂತೆ. ಸಿಟ್ಟಿನ ಜೊತೆ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ರೂಟರ್‌ನಲ್ಲಿ ನಾನು ಸೇರಿಸಿದ ಪಟ್ಟಿಯಲ್ಲಿರುವ ಫೋನುಗಳಿಗೆ ಮಾತ್ರ ವೈಫೈ ಅಂತ ಮಾಡಿದೆ. ಆಗ ಅವಳು ಹಿಡಿದ ದಾರಿ ಅಜ್ಜಿಯ ಫೋನು, ಅಜ್ಜಿಯ ಡೇಟಾ. "ಪಾಪ, ಮಗು ಎಷ್ಟು ಅಂತ ಓದುತ್ತೆ" ಅಂತ ಅಜ್ಜಿಯೇ ಕೊಡುತ್ತಿದ್ದರು.

ಕೊನೆಗೆ ಕೆಲಸಕ್ಕೆ ಬಂದದ್ದು ತಂತ್ರಜ್ಞಾನ ಅಲ್ಲ, ಮೇಜು. ಕಂಪ್ಯೂಟರನ್ನು ಅವಳ ರೂಮಿನಿಂದ ಹಾಲ್‌ಗೆ ತಂದು, ಪರದೆ ಅಡುಗೆಮನೆ ಬಾಗಿಲಿಗೆ ಕಾಣುವ ಹಾಗೆ ಇಟ್ಟೆ. ಕುಕ್ಕರ್ ಇಳಿಸುತ್ತಾ ತಿರುಗಿದರೆ ಎಲ್ಲ ಕಾಣುತ್ತದೆ. ಕೇಳುವ ಅಗತ್ಯವೇ ಇಲ್ಲ. ಟ್ಯಾಬ್ ರಾತ್ರಿ ನಮ್ಮ ರೂಮಿನಲ್ಲಿ ಚಾರ್ಜ್‌ಗೆ. ನಮ್ಮ ಫೋನುಗಳೂ ಅಲ್ಲೇ, ಇಲ್ಲದಿದ್ದರೆ ಅವಳು ಬಿಡುತ್ತಾಳಾ?

ರೂಟರ್‌ನ ಡಿಎನ್ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಮತ್ತು 1.0.0.3 ಮಾತ್ರ ಹಾಕಿಡಿ. ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಕಂಪನಿಯ ಉಚಿತ ಸೇವೆ. ಮನೆಯ ವೈಫೈನಲ್ಲಿ ಅಶ್ಲೀಲ ಸೈಟು, ವೈರಸ್ ಸೈಟುಗಳಿಗೆ ತಡೆ. ಗೇಮ್ ಹುಚ್ಚಿಗೆ ಅದರಿಂದ ಏನೂ ಆಗಲ್ಲ.

ಉತ್ತರ 2

ರಂಪದ ಬಗ್ಗೆ ಒಂದು ಮಾತು. ಮ್ಯಾಚ್ ಮಧ್ಯೆ ಆಫ್ ಮಾಡುತ್ತೀರಾ? ಗಲ್ಲಿ ಕ್ರಿಕೆಟ್‌ನಲ್ಲಿ ಕೊನೆ ಓವರ್‌ಗೆ ಅಮ್ಮ ಬಂದು ಕಿವಿ ಹಿಡಿದು ಎಳೆದುಕೊಂಡು ಹೋದ ಹಾಗೆ ಅದು. ನಮ್ಮನೆಯಲ್ಲಿ ಲೆಕ್ಕ ನಿಮಿಷದ್ದಲ್ಲ, ಆಟದ್ದು. ಎರಡು ಮ್ಯಾಚ್, ಅಷ್ಟೇ. ಮೂರನೆಯದಕ್ಕೆ ಚೌಕಾಸಿ ನಡೆದೇ ನಡೆಯುತ್ತದೆ, ಆದರೆ ಕಿರುಚಾಟ ಇಲ್ಲ. ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಒಂದು ವಿಡಿಯೊ ಮುಗಿದಾಗ ತಾನಾಗಿ ಇನ್ನೊಂದು ಬರದಿದ್ದರೆ ಏಳೋಕೆ ಒಂದು ನೆಪ ಸಿಗುತ್ತದೆ.

ಉತ್ತರ 3

ಪ್ಲೇ ಸ್ಟೋರ್‌ನಲ್ಲಿ ಕಾರ್ಡ್ ಉಳಿಸಿದ್ದರೆ ಮೊದಲು ತೆಗೀರಿ. ನನಗೆ ₹1,900 ಹೋದ ಮೇಲೆ ಬುದ್ಧಿ ಬಂತು. ಮಗ ಆಟದೊಳಗಿನ ವಜ್ರ ಕೊಂಡಿದ್ದನಂತೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮೇಜು ಹಾಲ್‌ಗೆ ಬರುತ್ತದೆ. ಅಜ್ಜಿ ಫೋನ್ ಮಾತ್ರ ನನ್ನ ತಲೆಗೇ ಹೊಳೆದಿರಲಿಲ್ಲ. ಈಗ ಎದ್ದು ಹೋಗಿ ನೋಡಿದೆ. ನಮ್ಮ ಅತ್ತೆ ಸಂಜೆಯಿಂದ ಮಲಗಿದ್ದಾರೆ, ಫೋನ್ ಬಿಸಿ ಇದೆ, ಚಾರ್ಜ್ 4%.